ನಾಲ್ಕು ನಿಮಿಷದಲ್ಲಿ ಹನ್ನೆರಡು ಪಾಠ

ಗ್ರಂಥಾಲಯಕ್ಕೆ ಸುತ್ತೋಲೆ ಬಂದರೆ ಸಿಬ್ಬಂದಿ ಮಾಡಬೇಕಾದ ಕೆಲಸ ಒಂದೇ: ಸಹಿ ಹಾಕುವುದು. ಅಟೆಂಡರ್ ಕಾಗದವನ್ನು ರಟ್ಟಿಗೆ ಸಿಕ್ಕಿಸಿಕೊಂಡು ಮೇಜಿನಿಂದ ಮೇಜಿಗೆ ಬರುತ್ತಾನೆ. ಕೆಳಗೆ ಹದಿನೆಂಟು ಜನರ ಹೆಸರು ಸಾಲಾಗಿ ಇರುತ್ತದೆ. ತಮ್ಮ ಹೆಸರಿನ ಮುಂದೆ "ನೋಡಿದೆ" ಎಂದು ಬರೆದು ಸಹಿ ಗೀಚಿದರೆ ಸುತ್ತೋಲೆಯ ಜನ್ಮ ಸಾರ್ಥಕವಾದಂತೆ. ಮೇಲೆ ಏನು ಬರೆದಿದೆ ಎಂಬುದು ಬರೆದವರ ತಲೆನೋವು. ವಿಚಾರಣೆ ಕೌಂಟರಿನ ಚೀಟಿಯಪ್ಪನವರು ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಸಾವಿರಾರು ಸುತ್ತೋಲೆಗಳನ್ನು ಹೀಗೆ ನೋಡಿದ್ದರು. ಓದಿದ್ದು ಒಂದನ್ನೂ ಇಲ್ಲ.

ಚೀಟಿಯಪ್ಪ ಎಂಬುದು ಅವರ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೌಂಟರಿಗೆ ಬಂದು ಯಾರು ಏನು ಕೇಳಿದರೂ ಅವರು ಬಾಯಲ್ಲಿ ಉತ್ತರ ಹೇಳುತ್ತಿರಲಿಲ್ಲ. "ತಮಗೆ ನಿಖರವಾಗಿ ಏನು ಬೇಕು?" ಎಂದು ಕೇಳಿ, ಕೇಳಿದವರು ಇನ್ನೊಂದು ಸಲ ಬಿಡಿಸಿ ಹೇಳಿದ ಮೇಲೆ, ಪುಟ್ಟ ಚೀಟಿಯಲ್ಲಿ ಕಪಾಟಿನ ಸಂಖ್ಯೆ, ಸಾಲು, ಪುಸ್ತಕದ ಹೆಸರು ಬರೆದು ಕೊಡುತ್ತಿದ್ದರು. ಒಮ್ಮೆ ಒಬ್ಬ ಏದುಸಿರು ಬಿಡುತ್ತ ಓಡಿ ಬಂದು, "ಹಾವು ಕಚ್ಚಿದ್ರೆ ಏನು ಮಾಡ್ಬೇಕು ಸಾರ್?" ಎಂದಾಗಲೂ ಇದೇ ಕ್ರಮ ನಡೆಯಿತು. ಕಚ್ಚಿಸಿಕೊಂಡವನು ಬದುಕಿದ. ಪುಸ್ತಕ ಮಾತ್ರ ಇನ್ನೂ ವಾಪಸು ಬಂದಿಲ್ಲ.

ಆ ಕೌಂಟರ್ ಎಂದರೆ ಅವರಿಗೆ ಪ್ರಾಣ. ಬಾಗಿಲಿಗೂ ಮೆಟ್ಟಿಲಿಗೂ ನಡುವೆ, ಪೂರ್ವದ ಕಿಟಕಿಯ ಪಕ್ಕದಲ್ಲಿ ಅದು ಇತ್ತು. ಬಲ ಮೊಣಕೈ ಊರುವ ಜಾಗದಲ್ಲಿ ಪಾಲಿಶ್ ಹೋಗಿ ಮರ ಬಿಳಿಚಿಕೊಂಡಿತ್ತು. ಬೆನ್ನ ಹಿಂದೆ ಅರವತ್ತು ಡ್ರಾಯರುಗಳ ಹಳೆಯ ಕಾರ್ಡ್ ಬೀರು. ಪುಸ್ತಕಗಳ ಪಟ್ಟಿಯೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅದರ ಡ್ರಾಯರುಗಳನ್ನು ಯಾರೂ ಎಳೆಯುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಎರಡೂವರೆ ವರ್ಷ ಇತ್ತು. ಅಲ್ಲಿಯವರೆಗೆ ಇದೇ ಕುರ್ಚಿಯಲ್ಲಿ ಕೂತಿದ್ದು ಇದೇ ಕುರ್ಚಿಯಿಂದ ಎದ್ದು ಮನೆಗೆ ಹೋಗಬೇಕು ಎಂಬುದಷ್ಟೇ ಅವರ ಆಸೆ.

ಈ ಆಸೆಗೆ ಕಲ್ಲು ಬಿದ್ದದ್ದು ಒಂದು ಸೋಮವಾರ. ಗ್ರಂಥಾಲಯದ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ 'ಮೇಡಮ್', ಸಿಬ್ಬಂದಿಯ ಸಭೆ ಕರೆದರು.

"ಹೊಸ ಕಾಲ ಬಂದಿದೆ. ವೆಬ್‌ಸೈಟು, ಬ್ಲಾಗು, ಅದೂ ಇದೂ ಎಲ್ಲ ನಮಗೂ ಬರ್ಬೇಕು ಅಂತ ಕೇಂದ್ರ ಕಚೇರಿಯೋರು ಹನ್ನೆರಡು ಪಾಠ ಮಾಡಿ ವೆಬ್‌ಸೈಟಿನಲ್ಲಿ ಹಾಕಿದಾರೆ. ಮೇಷ್ಟ್ರಿಲ್ಲ, ಪರೀಕ್ಷೆ ಇಲ್ಲ, ಬೆಲ್ ಇಲ್ಲ. ಅವರವರ ವೇಗದಲ್ಲಿ ಅವರವರು ಕಲೀಬಹುದು. ಬರೋ ತಿಂಗಳು ಮೂವತ್ತಕ್ಕೆ ಮುಗೀಬೇಕು."

ಹರಿದ ಪುಸ್ತಕಗಳನ್ನು ಹೊಲಿದು ಕಟ್ಟುವ ಬೈಂಡರ್ ಕೈ ಎತ್ತಿದ. ಅಂಟು ಮೆತ್ತಿದ ಬೆರಳು. ಸ್ವಭಾವವೂ ಹಾಗೆಯೇ, ಹಿಡಿದದ್ದನ್ನು ಬಿಡುವವನಲ್ಲ.

"ಅವರವರ ವೇಗ ಅಂದ್ರಲ್ಲ ಮೇಡಮ್?"

"ಹೌದಪ್ಪ. ಯಾವ ವೇಗದಲ್ಲಿ ಬೇಕಾದ್ರೂ ಮೂವತ್ತಕ್ಕೆ ಮುಗಿಸಬಹುದು."

"ಮುಗೀದಿದ್ರೆ?"

ಮೇಡಮ್ ಕನ್ನಡಕ ತೆಗೆದು ಒರೆಸಿದರು. "ಗೋದಾಮಿದೆಯಲ್ಲ," ಎಂದರು.

ಸಭೆಯಲ್ಲಿ ಹದಿನೇಳು ಮಂದಿ ಒಟ್ಟಿಗೆ ಬೆವರಿದರು. ಗೋದಾಮು ಎಂದರೆ ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಟ್ಟ, ಊರಾಚೆಯ, ಒಂದೇ ಕಿಟಕಿಯ ಕಟ್ಟಡ. ಏಳು ವರ್ಷದ ಹಿಂದೆ ಒಬ್ಬ ಗುಮಾಸ್ತ ಬಾಯಿ ಜೋರು ಮಾಡಿ ಅಲ್ಲಿಗೆ ವರ್ಗವಾಗಿದ್ದ. ಆತ ಅಲ್ಲಿಂದಲೇ ನಿವೃತ್ತನಾದ. ಈಗಲೂ ಫೋನ್ ಮಾಡಿದರೆ ಮೊದಲು ಹತ್ತು ಸೀನು, ಆಮೇಲೆ ಹಲೋ.

ಮರುದಿನ ಬೆಳಿಗ್ಗೆ ಮೇಡಮ್ ಒಬ್ಬೊಬ್ಬರನ್ನೇ ಕರೆದು ಓದುವ ಕೋಣೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂರಿಸಿದರು. ಅವರವರ ಖಾತೆಯನ್ನು ತಾವೇ ತೆರೆದುಕೊಟ್ಟು, "ನೋಡಿ," ಎಂದು ಹೇಳಿ ಒಳಗೆ ಹೋದರು. ಚೀಟಿಯಪ್ಪನವರ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ, ಹತ್ತು ನಲವತ್ತಕ್ಕೆ. ಅವರು ನೋಡಿದರು. ಮೇಲೆ ತಮ್ಮ ಹೆಸರಿತ್ತು. ಕೆಳಗೆ ಹನ್ನೆರಡು ಸಾಲು, ಸಾಲಿನ ಕೊನೆಗೆ ಒಂದೊಂದು ಖಾಲಿ ಚೌಕ. ಹೆಸರಿದ್ದು ಮುಂದೆ ಖಾಲಿ ಜಾಗವಿದ್ದರೆ ಏನು ಮಾಡಬೇಕೆಂದು ಮೂವತ್ತೊಂದು ವರ್ಷದ ಅನುಭವಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಸುತ್ತೋಲೆ ಕಾಗದ ಬಿಟ್ಟು ಗಾಜಿನೊಳಗೆ ಬಂದಿದೆ, ಅಷ್ಟೇ. ಅವರು ಹನ್ನೆರಡು ಚೌಕಕ್ಕೂ ಗುರುತು ಹಾಕಿದರು. ನಾಲ್ಕನೇ ಚೌಕದ ಹತ್ತಿರ ಮೌಸ್ ಕೈತಪ್ಪಿ ಮೇಜಿನಿಂದ ಕೆಳಗೆ ಬೀಳದಿದ್ದರೆ ಮೂರೇ ನಿಮಿಷದಲ್ಲಿ ಮುಗಿಯುತ್ತಿತ್ತು. ಕೊನೆಗೆ 'ಸಲ್ಲಿಸಿ' ಎಂದಿದ್ದನ್ನು ಒತ್ತಿದರು.

ಪರದೆಯ ತುಂಬ ಬಣ್ಣಬಣ್ಣದ ಚೂರುಗಳು ಉದುರತೊಡಗಿದವು. ಯಂತ್ರ ಕೆಟ್ಟಿತೆಂದು ಚೀಟಿಯಪ್ಪನವರು ಮೌಸಿನಿಂದ ಕೈ ಹಿಂದಕ್ಕೆಳೆದುಕೊಂಡರು. ಸುತ್ತ ನೋಡಿ, ಯಾರೂ ಕಂಡಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕುರ್ಚಿಯನ್ನು ಸದ್ದಿಲ್ಲದೆ ಒಳಗೆ ತಳ್ಳಿ ಕೌಂಟರಿಗೆ ಬಂದು ಕೂತರು.

ಹನ್ನೊಂದು ಗಂಟೆಗೆ ಮೇಡಮ್ ಕೋಣೆಯಿಂದ ಓಡಿಯೇ ಬಂದರು. ಅವರು ಓಡಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ.

"ಏನ್ರೀ ಇದು! ಕೇಂದ್ರ ಕಚೇರಿಯಿಂದ ಫೋನು! ಇಡೀ ಇಲಾಖೆಗೇ ನೀವು ಮೊದಲು! ಹತ್ತು ನಲವತ್ತಕ್ಕೆ ಶುರು, ಹತ್ತು ನಲವತ್ನಾಲ್ಕಕ್ಕೆ ಹನ್ನೆರಡೂ ಪಾಠ ಮುಕ್ತಾಯ!"

ಚೀಟಿಯಪ್ಪನವರಿಗೆ ಆಗಷ್ಟೇ ತಾವು ಏನು ಮಾಡಿದೆವೆಂದು ಅರ್ಥವಾಯಿತು. "ಮೇಡಮ್, ಅದು ಹಾಗಲ್ಲ, ನಾನು ಬರೀ ನೋಡಿ..."

"ಬರೀ ನೋಡೇ ಕಲಿತುಬಿಟ್ರಾ! ಮೂವತ್ತು ವರ್ಷ ಬಾಯಿ ಬಿಡದೆ ಕೂತಿದ್ರಲ್ರೀ! ಇನ್ನು ನಿಮಗೆ ಗೋದಾಮಿನ ಚಿಂತೆ ಬೇಡ, ತಿಳೀತಾ?"

ಈ ಕೊನೆಯ ಮಾತು ಬರುವವರೆಗೆ ಚೀಟಿಯಪ್ಪನವರು ನಿಜ ಹೇಳುವವರೇ ಇದ್ದರು. ಬಂದ ಮೇಲೆ ಬಾಯಿಗೆ ಬೀಗ ಬಿತ್ತು. ಸುಳ್ಳು ಹೇಳಿದ ಪಾಪ ಅವರಿಗೆ ಅಂಟಲಾರದು. ಅವರು ಏನನ್ನೂ ಹೇಳಲೇ ಇಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಕದ್ದಾದರೂ ಕಲಿತುಬಿಡೋಣವೆಂದು ಅವರು ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ತಮ್ಮ ಹೆಸರಿನ ಪುಟ ಇನ್ನೂ ತೆರೆದೇ ಇತ್ತು. ಮೊದಲ ಪಾಠ ಒತ್ತಿದರು. "ಈ ಪಾಠವನ್ನು ನೀವು ಯಶಸ್ವಿಯಾಗಿ ಮುಗಿಸಿದ್ದೀರಿ. ಧನ್ಯವಾದ." ಎರಡನೆಯದು ಒತ್ತಿದರು. ಧನ್ಯವಾದ. ಹನ್ನೆರಡಕ್ಕೂ ಹನ್ನೆರಡು ಧನ್ಯವಾದ ಬಂತೇ ಹೊರತು ಒಂದು ಪಾಠವೂ ತೆರೆಯಲಿಲ್ಲ. ಮುಗಿಸಿದ್ದನ್ನು ಮುಗಿಸಿಲ್ಲ ಎಂದು ಹೇಳಲು ಅಲ್ಲಿ ಎಲ್ಲಿಯೂ ಚೌಕವಿರಲಿಲ್ಲ. ಹೀಗೆ, ಇಡೀ ಇಲಾಖೆಯಲ್ಲಿ ಈ ಪಾಠಗಳನ್ನು ಕಲಿಯಲು ಯಾವ ದಾರಿಯೂ ಇಲ್ಲದ ಏಕೈಕ ವ್ಯಕ್ತಿ ಇಲಾಖೆಯ ಏಕೈಕ ಪಂಡಿತರಾಗಿಬಿಟ್ಟರು.

ಸಂಜೆ ಮನೆಗೆ ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಹೋಗಿತ್ತು. ಮೇಡಮ್ ಚೀಟಿಯಪ್ಪನವರ ಹೆಂಡತಿಗೆ ಫೋನ್ ಮಾಡಿ ಅಭಿನಂದಿಸಿದ್ದರು. ಹೆಂಡತಿ ಬೀದಿಗೆಲ್ಲ ಹೇಳಿ ಮುಗಿಸಿ ಬಾಗಿಲಲ್ಲಿ ನಿಂತಿದ್ದರು. ಒಳಗೆ ಸೋಫಾದ ಮೇಲೆ ಭಾವಮೈದ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಫೋನ್ ಅಂಗಡಿ ಇಟ್ಟವನು. ಹತ್ತು ವರ್ಷದಿಂದ ಮನೆಗೆ ಬಂದಾಗಲೆಲ್ಲ ಭಾವನ ಫೋನ್ ಕೈಗೆತ್ತಿಕೊಂಡು, "ಅಯ್ಯೋ ಭಾವ, ಇದನ್ನ ಇಷ್ಟು ದಿನ ಹೀಗೇ ಇಟ್ಕೊಂಡಿದೀರಾ?" ಎಂದು ಮರುಗುವುದು ಅವನ ಪದ್ಧತಿ.

"ನಾಲ್ಕು ನಿಮಿಷವಂತೆ! ಎಲ್ಲಿ ಭಾವ, ಬ್ಲಾಗ್ ಅಂದ್ರೇನು, ಹೇಳಿ ನೋಡೋಣ."

ಚೀಟಿಯಪ್ಪನವರು ಚಪ್ಪಲಿ ಬಿಟ್ಟರು, ಮುಖ ತೊಳೆದರು, ಒರೆಸಿಕೊಂಡರು. ಕೊನೆಗೆ ಅಭ್ಯಾಸಬಲದಿಂದ ಬಾಯಿ ತಾನೇ ಕೇಳಿತು: "ನಿನಗೆ ನಿಖರವಾಗಿ ಏನು ಬೇಕು?"

"ಅದೇ, ಬ್ಲಾಗು..."

"ಶುರು ಮಾಡೋಕಾ, ಬರೆಯೋಕಾ, ಮುಚ್ಚೋಕಾ?"

ಭಾವಮೈದನ ಕಾಲು ಕೆಳಗಿಳಿಯಿತು. ಮುಚ್ಚುವುದೂ ಒಂದಿದೆ ಎಂದು ಅವನು ಯೋಚಿಸಿರಲಿಲ್ಲ. "ಶುರು ಮಾಡೋದು ಅಂದ್ರೆ ಭಾವ, ಮೊದಲು ಒಂದು ಖಾತೆ ಬೇಕು, ಆಮೇಲೆ ಹೆಸರು ಕೊಡ್ಬೇಕು..." ಎಂದು ತನಗೆ ಗೊತ್ತಿದ್ದುದನ್ನೆಲ್ಲ ಅರ್ಧ ಗಂಟೆ ಹೇಳಿದ. ಚೀಟಿಯಪ್ಪನವರು ನಡುನಡುವೆ ತಲೆಯಾಡಿಸುತ್ತ ಚೀಟಿಯಲ್ಲಿ ಗುರುತು ಮಾಡಿಕೊಂಡರು. ಕೊನೆಗೆ, "ಪರವಾಗಿಲ್ಲ, ಹೆಚ್ಚುಕಡಿಮೆ ಸರಿಯಾಗೇ ಹೇಳ್ದೆ," ಎಂದರು. ಭಾವಮೈದ ಎದ್ದು ಹೋದ. ದಾರಿಯಲ್ಲಿ ಸಿಕ್ಕವರಿಗೆಲ್ಲ, "ಭಾವ ಗಟ್ಟಿ ಆಸಾಮಿ ಕಣ್ರಿ, ತೋರಿಸ್ಕೊಳ್ಳಲ್ಲ," ಎಂದನಂತೆ.

ಮರುದಿನ ಮೇಲಿನ ಮನೆಯ ದರ್ಜಿ ತನ್ನ ಹೊಲಿಗೆ ಯಂತ್ರವನ್ನೇ ಹೊತ್ತು ತಂದು ಊಟದ ಮೇಜಿನ ಮೇಲೆ ಇಟ್ಟ. "ನಿಮ್ಮ ನಾಲ್ಕು ನಿಮಿಷ ಕೊಡಿ ಸಾರ್, ಸಾಕು. ಎರಡು ದಿನದಿಂದ ಮುಷ್ಕರ ಹೂಡಿದೆ." ಎಲ್ಲಿ ನಿಲ್ಲುತ್ತದೆ ನಿಖರವಾಗಿ ತೋರಿಸಿ ಎಂದರು ಚೀಟಿಯಪ್ಪನವರು. ದರ್ಜಿ ತೋರಿಸಲು ಹೋಗಿ, ಚಕ್ರಕ್ಕೆ ಸುತ್ತಿಕೊಂಡಿದ್ದ ದಾರ ತನ್ನ ಕಣ್ಣಿಗೇ ಬಿದ್ದು, ಎಳೆದು ತೆಗೆದು, ಕೈ ಮುಗಿದು ಹೋದ. ಮೂರು ನಿಮಿಷವೂ ಆಗಲಿಲ್ಲ ಎಂದು ಮೆಟ್ಟಿಲಲ್ಲೇ ಪ್ರಚಾರ ಮಾಡಿದ.

ಗ್ರಂಥಾಲಯದಲ್ಲಿ ಇತರರ ಪಾಠಗಳು ಶುರುವಾದದ್ದೇ ತಡ, ಕೌಂಟರಿನ ಮುಂದೆ ಓದುಗರಿಗಿಂತ ಸಿಬ್ಬಂದಿಯ ಸಾಲೇ ಉದ್ದವಾಯಿತು. ಮೊದಲು ಬಂದವನು ಬೈಂಡರ್, ಅನುಮಾನದ ಮುಖ ಹೊತ್ತುಕೊಂಡು.

"ಮೊದಲನೇ ಪಾಠ. ಮೇಡಮ್ ಕೊಟ್ಟ ಪಾಸ್‌ವರ್ಡ್ ತೆಗೆದು ನಮ್ಮದೇ ಇಡ್ಬೇಕಂತೆ. ಯಂತ್ರ ಒಪ್ತಿಲ್ಲ. ಯಾಕೆ?"

"ಏನು ಮಾಡಿದ್ರಿ, ಮೊದಲಿಂದ ತೋರಿಸಿ."

ಬೈಂಡರ್ ಕಂಪ್ಯೂಟರಿನ ಮುಂದೆ ಕೂತ, ಚೀಟಿಯಪ್ಪನವರು ಬೆನ್ನ ಹಿಂದೆ ನಿಂತರು. ಬೈಂಡರ್ 'ಅಂಟು' ಎಂದು ಕೊಟ್ಟ. ಯಂತ್ರ ಮೂಗು ಮುರಿಯಿತು. 'ಬಿಸಿ ಅಂಟು' ಎಂದ, ಊಹೂಂ. ಬೈದ, ಮೇಜು ಗುದ್ದಿದ, ಏಳನೇ ಸಲಕ್ಕೆ ಅಕ್ಷರದ ಜೊತೆ ಅಂಕಿಯನ್ನೂ ಸೇರಿಸಿ ಎಂಟು ಮಾಡಿದ. ಒಪ್ಪಿತು. ಅಷ್ಟರಲ್ಲಿ ಚೀಟಿಯಪ್ಪನವರು ಹಳೆಯ ಖಾಲಿ ಕಾರ್ಡ್ ಒಂದರಲ್ಲಿ ಎಲ್ಲವನ್ನೂ ಬರೆದುಕೊಂಡಾಗಿತ್ತು. ಸ್ವಲ್ಪ ಹೊತ್ತಿಗೆ ಅದೇ ಪ್ರಶ್ನೆ ಹಿಡಿದು ಅಟೆಂಡರ್ ಬಂದ. ಬೀರುವಿನ ಐವತ್ತೇಳನೇ ಡ್ರಾಯರಿನಿಂದ ಕಾರ್ಡ್ ತೆಗೆದು ಕೊಟ್ಟರು.

ಬೈಂಡರ್‌ನ ಕಣ್ಣಿಗೆ ಅದು ಬಿತ್ತು. "ಅದು ನಾನು ಕಂಡುಹಿಡಿದಿದ್ದಲ್ವಾ?" ಎಂದು ದನಿ ಎತ್ತಿದ.

"ಹೌದಲ್ಲ. ನೋಡಿ, ನಿಮ್ಮ ಹೆಸರೇ ಇದೆ," ಎಂದು ಚೀಟಿಯಪ್ಪನವರು ಕಾರ್ಡಿನ ಮೇಲ್ತುದಿ ತೋರಿಸಿದರು. ಗ್ರಂಥಾಲಯದ ಕಾರ್ಡಿಗೆ ಮೇಲುಗಡೆ ಕರ್ತೃವಿನ ಹೆಸರಿರಬೇಕು. ಅಲ್ಲಿ ಅಚ್ಚುಕಟ್ಟಾಗಿ ಬರೆದಿತ್ತು: ಕರ್ತೃ, ಬೈಂಡರ್.

ಇಪ್ಪತ್ತೆರಡು ವರ್ಷ ಬೇರೆಯವರ ಹೆಸರಿನ ಪುಸ್ತಕಗಳನ್ನು ಕಟ್ಟಿಕೊಟ್ಟವನು ಆತ. ಅವನ ಕಣ್ಣು ತುಂಬಿ ಬಂತು. ಮೂಗನ್ನು ತೋಳಿಗೆ ಒರೆಸಿಕೊಂಡು, "ಎರಡನೇ ಪಾಠಾನೂ ನೋಡ್ತೀನಿ ಇರಿ," ಎಂದು ಹೋದ.

ಅಲ್ಲಿಂದ ಮುಂದೆ ಗ್ರಂಥಾಲಯದ ಕಥೆಯೇ ಬೇರೆಯಾಯಿತು. ಎಲ್ಲರಿಗೂ ಕರ್ತೃವಾಗುವ ಹುಚ್ಚು ಹಿಡಿಯಿತು. ಫೋಟೋ ಏರಿಸುವುದನ್ನು ಮೊದಲು ಕಂಡುಕೊಂಡವಳು ಕಸ ಗುಡಿಸುವ ಅಕ್ಕ. ಮಕ್ಕಳ ವಿಭಾಗದವರು ಬ್ಲಾಗ್ ತೆರೆದರು, ಅದನ್ನು ಮುಚ್ಚುವುದು ಹೇಗೆಂದು ಪತ್ರಿಕಾ ವಿಭಾಗದವರು ಅಕಸ್ಮಾತ್ ಕಂಡುಹಿಡಿದರು. ಎಲ್ಲ ಚೀಟಿಯಪ್ಪನವರ ಗುಂಡು ಅಕ್ಷರದಲ್ಲಿ ಕಾರ್ಡಾಯಿತು. ಒಂದು ಕಾರ್ಡಿನಲ್ಲಿ ಹೀಗಿತ್ತು: "ಪಾಸ್‌ವರ್ಡ್. ಎಂಟು ಅಕ್ಷರಕ್ಕೆ ಕಡಿಮೆ ಇದ್ದರೆ ಯಂತ್ರ ಒಪ್ಪುವುದಿಲ್ಲ. ಬೈಯಬೇಡಿ, ಅದಕ್ಕೆ ಕೇಳಿಸುವುದಿಲ್ಲ. ಇದನ್ನೂ ನೋಡಿ: ಮರೆತ ಪಾಸ್‌ವರ್ಡ್." ಮರೆತ ಪಾಸ್‌ವರ್ಡಿನ ಕಾರ್ಡಿನಲ್ಲಿ ಏನೇನು ಒತ್ತಬೇಕು ಎಂದು ಬರೆದು ಕೊನೆಗೆ: "ಆಗಲೂ ಆಗದಿದ್ದರೆ, ಇದನ್ನೂ ನೋಡಿ: ಮೇಡಮ್." ಕಾರ್ಡುಗಳ ಬೆನ್ನಿಗೆ ಓದಿದವರು ಟಿಪ್ಪಣಿ ಗೀಚತೊಡಗಿದರು. "ನಾನು ಹೀಗೇ ಮಾಡಿದೆ, ಏನೂ ಕಾಣಲಿಲ್ಲ. ಅಟೆಂಡರ್." ಅದರ ಕೆಳಗೆ, "ಕರೆಂಟ್ ಇತ್ತಾ? ಬೈಂಡರ್." ಅದರ ಕೆಳಗೆ ಅಟೆಂಡರ್ ಏನೂ ಬರೆದಿರಲಿಲ್ಲ.

ಮುಂದಿನ ತಿಂಗಳ ಇಪ್ಪತ್ತನೇ ತಾರೀಖಿಗೆ ಡ್ರಾಯರ್ ಐವತ್ತೇಳು ತುಂಬಿ ಐವತ್ತೆಂಟಕ್ಕೆ ಹರಿದಿತ್ತು. ವೆಬ್‌ಸೈಟಿನಲ್ಲಿ ಆ ಗ್ರಂಥಾಲಯದ ಪಟ್ಟಿ ದಿನದಿನಕ್ಕೆ ಉದ್ದವಾಗುತ್ತಿತ್ತು. ಬೇರೆ ಶಾಖೆಗಳು ಎರಡನೇ ಪಾಠದಲ್ಲಿ ಕಾಲು ಮುರಿದುಕೊಂಡು ಬಿದ್ದಿದ್ದವು. ಮೇಡಮ್ 'ನಾಲ್ಕು ನಿಮಿಷದ ವಿಧಾನ' ಎಂಬ ತಲೆಬರಹದಲ್ಲಿ ಏಳು ಪುಟಗಳ ವರದಿ ಬರೆದು ಕೇಂದ್ರ ಕಚೇರಿಗೆ ಕಳಿಸಿದರು. ಉತ್ತರ ಬಂದಾಗ ಅದನ್ನು ಹಿಡಿದು ಕೌಂಟರಿಗೇ ಬಂದರು.

"ಇಪ್ಪತ್ತೊಂಬತ್ತಕ್ಕೆ ತರಬೇತಿ ಅಧಿಕಾರಿ ಖುದ್ದಾಗಿ ಬರ್ತಿದಾರೆ. ನಿಮಗೆ ಪ್ರಶಸ್ತಿಪತ್ರ. ಅಷ್ಟೇ ಅಲ್ಲ, ನಿಮ್ಮನ್ನ ಕೇಂದ್ರ ಕಚೇರಿಗೇ ಕರಕೊಳ್ತಾರಂತೆ! ಶಾಖೆ ಶಾಖೆಗೆ ಹೋಗಿ ಪಾಠ ಹೇಳೋ ಹುದ್ದೆ."

ಚೀಟಿಯಪ್ಪನವರು ಎರಡೂ ಕೈಯಿಂದ ಕೌಂಟರಿನ ಅಂಚು ಹಿಡಿದುಕೊಂಡರು. "ಮತ್ತೆ ಕೌಂಟರು?"

"ಯಾರಾದ್ರೂ ಕೂರ್ತಾರೆ ಬಿಡಿ."

ಅವರಿಗೆ ಇದರಷ್ಟು ನೋವು ಕೊಟ್ಟ ಮಾತು ಆ ಕಟ್ಟಡದಲ್ಲಿ ಇನ್ನೊಂದಿರಲಿಲ್ಲ. ಪಾಠ ಬಾರದಿದ್ದರೆ ಗೋದಾಮು, ಬಂದರೆ ಕೇಂದ್ರ ಕಚೇರಿ. ಎರಡರಲ್ಲಿ ಯಾವುದಾದರೇನು, ಕುರ್ಚಿ ಹೋಯಿತು. ಎರಡೂವರೆ ವರ್ಷ ಉಳಿಸಿಕೊಳ್ಳಲು ಬಾಯಿ ಮುಚ್ಚಿಕೊಂಡವರು, ಮುಚ್ಚಿಕೊಂಡ ಬಾಯಿಯಿಂದಲೇ ಅದನ್ನು ಕಳೆದುಕೊಳ್ಳುವ ಪೀಕಲಾಟಕ್ಕೆ ಸಿಕ್ಕಿದರು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಚುತ್ತ ಎಲ್ಲ ಕೇಳಿಸಿಕೊಂಡರು. "ನಿಜ ಹೇಳ್ಬಿಡ್ರೀ."

"ಯಾವ ನಿಜ?"

"ರಿಮೋಟಿನಲ್ಲಿ ಚಾನೆಲ್ ಬದಲಾಯಿಸೋಕೆ ನನ್ನ ಕರೀತೀರಿ. ನೀವು ನಾಲ್ಕು ನಿಮಿಷದಲ್ಲಿ ಹನ್ನೆರಡು ಪಾಠ ಕಲೀತೀರಾ? ಅವತ್ತೇ ಗೊತ್ತಿತ್ತು ನಂಗೆ."

"ಗೊತ್ತಿದ್ದೂ ಬೀದಿಗೆಲ್ಲ ಹೇಳಿದ್ಯಲ್ಲೇ!"

"ನನ್ನ ತಮ್ಮ ಒಂದು ತಿಂಗಳಿಂದ ನಿಮ್ಮ ಫೋನ್ ಮುಟ್ಟಿಲ್ಲ, ಬುದ್ಧಿ ಹೇಳಿಲ್ಲ. ಆ ಸುಖಕ್ಕೆ ಹೇಳ್ದೆ," ಎಂದು ಅವರು ಕೊನೆಯ ಅಂಗಿಯನ್ನು ಮಡಚಿಟ್ಟರು.

ಇಪ್ಪತ್ತೊಂಬತ್ತರಂದು ಓದುವ ಕೋಣೆಯ ಕುರ್ಚಿಗಳನ್ನೆಲ್ಲ ಸಾಲಾಗಿ ಜೋಡಿಸಿದ್ದರು. ಕಂಪ್ಯೂಟರಿನಲ್ಲಿ ಕಾಣುವುದೆಲ್ಲ ಗೋಡೆಯ ಮೇಲೂ ದೊಡ್ಡದಾಗಿ ಕಾಣುವಂತೆ ಪರದೆ ಕಟ್ಟಿದ್ದರು. ತರಬೇತಿ ಅಧಿಕಾರಿ ಎಂದರೆ ಸಣಕಲು ಆಳು. ಚರ್ಮದ ಚೀಲವನ್ನು ಎದೆಗವಚಿಕೊಂಡೇ ಭಾಷಣ ಮಾಡಿದರು. ಕಲಿಯಲು ವಯಸ್ಸಿಲ್ಲ, ಅವರವರ ವೇಗವೇ ಅವರವರ ಗುರು ಎಂಬ ಅರ್ಥದ ಮಾತನ್ನು ನಾಲ್ಕು ಬಗೆಯಲ್ಲಿ ಹೇಳಿ, ಪ್ರಶಸ್ತಿಪತ್ರ ಹೊರತೆಗೆದರು. ಅದರ ಹಿಂದೆ ವರ್ಗಾವಣೆಯ ಆದೇಶವೂ ಇಣುಕುತ್ತಿತ್ತು.

ಚೀಟಿಯಪ್ಪನವರು ಎದ್ದು ನಿಂತರು. "ಸಾರ್, ಇದು ನನಗೆ ಸಲ್ಲಬೇಕಾದ್ದಲ್ಲ. ನನಗೆ ಒಂದು ಪಾಠಾನೂ ಬರಲ್ಲ."

ಸಭೆ ಚಪ್ಪಾಳೆ ತಟ್ಟಿತು.

"ನಿಜವಾಗ್ಲೂ ಸಾರ್. ಸುತ್ತೋಲೆ ಅಂದ್ಕೊಂಡು ಹನ್ನೆರಡಕ್ಕೂ ಗುರುತು ಹಾಕ್ಬಿಟ್ಟೆ. ಓದ್ಲೇ ಇಲ್ಲ."

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದರಿಂದ ಮೇಡಮ್ ನಕ್ಕರು, ಮೇಡಮ್ ನಕ್ಕದ್ದರಿಂದ ಎಲ್ಲರೂ ನಕ್ಕರು. "ವಿನಯ ಅಂದ್ರೆ ಇದು! ಅದರ ಜೊತೆಗೆ ಹಾಸ್ಯ ಬೇರೆ! ಇಂಥೋರೇ ನಮಗೆ ಬೇಕಾಗಿದ್ದು," ಎಂದರು ಅಧಿಕಾರಿ.

ಸುಳ್ಳನ್ನು ನಂಬಿಸಲು ಚೀಟಿಯಪ್ಪನವರು ಒಂದು ಮಾತನ್ನೂ ಖರ್ಚು ಮಾಡಿರಲಿಲ್ಲ. ನಿಜವನ್ನು ನಂಬಿಸಲು ಈಗ ಬೆವರು ಸುರಿಸಬೇಕಾಯಿತು. ಅವರಿಗೆ ಎಂದೂ ಬಾರದ ಸಿಟ್ಟು ಬಂತು. "ಬೇಕಾದ್ರೆ ಪರೀಕ್ಷೆ ಮಾಡಿ ಸಾರ್! ಎಲ್ಲರ ಮುಂದೇನೇ ಮಾಡಿ. ಬರಲ್ಲ ಅಂತ ತೋರಿಸ್ತೀನಿ!"

"ಆಗಲಿ, ಒಂದು ಪ್ರಾತ್ಯಕ್ಷಿಕೆ ಆಗೇ ಹೋಗ್ಲಿ," ಎಂದು ಅಧಿಕಾರಿ ಕುಣಿಯುವಂತೆ ಎದ್ದರು.

ಚೀಟಿಯಪ್ಪನವರ ಖಾತೆ ತೆರೆದರೆ ಗೋಡೆಯ ತುಂಬ ಧನ್ಯವಾದ. ಪಾಠವೇ ಇಲ್ಲದೆ ಪರೀಕ್ಷೆ ಹೇಗೆ? ಮೇಡಮ್ ತಮ್ಮ ಖಾತೆ ಕೊಟ್ಟರು. ಅವರದೂ ಹಿಂದಿನ ದಿನವೇ ಮುಗಿದಿತ್ತು, ಧನ್ಯವಾದ. ಬೈಂಡರ್, ಅಟೆಂಡರ್, ಗುಡಿಸುವ ಅಕ್ಕ, ಎಲ್ಲರದ್ದೂ ಮುಗಿದಿತ್ತು. ಹದಿನೆಂಟು ಜನರೂ ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದರಿಂದ ಆ ಕಟ್ಟಡದಲ್ಲಿ ಪಾಠ ತೆರೆಯುವ ಖಾತೆ ಒಂದೂ ಉಳಿದಿರಲಿಲ್ಲ.

ಹಿಡಿದದ್ದನ್ನು ಬಿಡದ ಬೈಂಡರ್ ಎದ್ದ. "ಸಾರ್, ತಮ್ಮದಿದೆಯಲ್ಲ?"

"ನನ್ನದಾ?" ಅಧಿಕಾರಿ ಚೀಲವನ್ನು ಮತ್ತೆ ಎದೆಗವಚಿಕೊಂಡರು. "ಅದು ಬೇರೆ ಥರ. ಕೇಂದ್ರ ಕಚೇರಿದು."

"ವೆಬ್‌ಸೈಟ್ ಒಂದೇ ಅಲ್ವಾ ಸಾರ್?" ಎಂದರು ಮೇಡಮ್, ಪಾಪ, ಸಹಾಯ ಮಾಡುವ ಉತ್ಸಾಹದಲ್ಲಿ.

ಅಧಿಕಾರಿ ಕೂತರು. ಹೆಸರು ಒತ್ತಿದರು. ಪಾಸ್‌ವರ್ಡ್ ಒತ್ತಿದರು; ತಪ್ಪು. ಇನ್ನೊಮ್ಮೆ ಒತ್ತಿದರು, ತಪ್ಪು. ಅವರ ಕಿವಿ ಕೆಂಪಾಯಿತು. "ಬಹಳ ದಿನ ಆಯ್ತು, ಏನಿಟ್ಟಿದ್ನೋ..." ಎಂದು ಗೊಣಗಿದರು.

"ಐವತ್ತೇಳನೇ ಡ್ರಾಯರ್! ಮರೆತ ಪಾಸ್‌ವರ್ಡ್!" ಎಂದು ಹಿಂದಿನ ಸಾಲಿನಿಂದ ಅಟೆಂಡರ್ ಕೂಗಿದ.

ಎದುರಿಗೆ ಒಬ್ಬ ಮನುಷ್ಯ ದಾರಿ ತಪ್ಪಿ ಕೂತಿದ್ದಾನೆ. ಚೀಟಿಯಪ್ಪನವರಿಗೆ ಕಂಡದ್ದು ಅಷ್ಟೇ. ತಾವು ಇಲ್ಲಿ ದಡ್ಡರೆಂದು ತೋರಿಸಿಕೊಳ್ಳಲು ಬಂದದ್ದು ಮರೆತೇಹೋಯಿತು. ಕಾರ್ಡನ್ನು ತರಲು ಹೋಗುವ ಅಗತ್ಯವೂ ಬೀಳಲಿಲ್ಲ. ಅದನ್ನು ಬರೆದವರು ಅವರೇ, ಓದಿ ಹೇಳಿದ್ದು ಹದಿನೇಳು ಸಲ. "ಸ್ವಲ್ಪ ಸರೀರಿ ಸಾರ್," ಎಂದು ಮೌಸ್ ಹಿಡಿದರು. ಇಲ್ಲಿ ಒತ್ತಿದರು, ಅಲ್ಲಿ ಒತ್ತಿದರು, "ತಮ್ಮ ಫೋನಿಗೊಂದು ಸಂಖ್ಯೆ ಬಂದಿರುತ್ತೆ, ಹೇಳಿ," ಎಂದರು, ಅದನ್ನು ತುಂಬಿದರು, ಬೇರೆಡೆ ನೋಡುತ್ತ ನಿಂತು ಅಧಿಕಾರಿಯಿಂದ ಹೊಸ ಪಾಸ್‌ವರ್ಡ್ ಒತ್ತಿಸಿದರು. "ಎಂಟಿರಲಿ ಸಾರ್. ಒಂದು ಅಂಕಿ ಇರಲಿ." ಎಲ್ಲ ಸೇರಿ ಸರಿಯಾಗಿ ನಾಲ್ಕು ನಿಮಿಷವಾಯಿತೆಂದು ಬೈಂಡರ್ ಗಡಿಯಾರ ನೋಡಿ ಹೇಳುತ್ತಾನೆ.

ಗೋಡೆಯ ಮೇಲೆ ಅಧಿಕಾರಿಯ ಹೆಸರು ದೊಡ್ಡದಾಗಿ ಮೂಡಿತು. ಅದರ ಕೆಳಗೆ ಹನ್ನೆರಡು ಪಾಠ, ಹನ್ನೆರಡು ಖಾಲಿ ಚೌಕ. ಆಮೇಲೆ, ತನ್ನ ಪಾಸ್‌ವರ್ಡನ್ನು ತಾನೇ ಇಟ್ಟುಕೊಳ್ಳುವುದೇ ಮೊದಲ ಪಾಠವಾದ್ದರಿಂದ, ಮೊದಲ ಚೌಕಕ್ಕೆ ತಾನಾಗಿ ಗುರುತು ಬಿದ್ದು ಗೋಡೆಯ ತುಂಬ ಬಣ್ಣದ ಚೂರುಗಳು ಉದುರಿದವು. ಅಧಿಕಾರಿ ಬೆಚ್ಚಿ ಹಿಂದಕ್ಕೆ ಸರಿದರು.

"ಹೆದರ್ಬೇಡಿ ಸಾರ್," ಎಂದರು ಚೀಟಿಯಪ್ಪನವರು. "ಕೆಟ್ಟಿದ್ದಲ್ಲ. ಮುಗೀತು ಅಂತ ಅರ್ಥ."

ಮೇಡಮ್ ಸಮಯಪ್ರಜ್ಞೆ ಉಳ್ಳವರು. ಎಲ್ಲರೂ ಚಹಾಕ್ಕೆ ಹೊರಡಬೇಕೆಂದು ಅಪ್ಪಣೆಯಾಯಿತು. ಬೈಂಡರ್ ಕೊನೆಯವನಾಗಿ, ತಿರುತಿರುಗಿ ನೋಡುತ್ತ ಹೋದ. ಕೋಣೆಯಲ್ಲಿ ಇಬ್ಬರೇ ಉಳಿದರು.

"ಎಲ್ಲ ಶಾಖೆಗೂ ಕಳಿಸಿದೋನು ನಾನು," ಎಂದರು ಅಧಿಕಾರಿ, ಗೋಡೆ ನೋಡುತ್ತ. "ನನಗೆ ಮಾತ್ರ ಯಾರೂ ಕಳಿಸ್ಲಿಲ್ಲ. ಕೇಳೋಣ ಅಂದ್ರೆ, ಕಲಿಸೋನೇ ಕೇಳೋದು ಹೇಗೆ?"

ಚೀಟಿಯಪ್ಪನವರು ಮೆಲ್ಲಗೆ ನಡೆದು ತಮ್ಮ ಕೌಂಟರಿನ ಹಿಂದೆ ಹೋಗಿ ಕೂತರು. ಮೊಣಕೈ ತನ್ನ ಬಿಳಿಚಿದ ಜಾಗ ಹುಡುಕಿಕೊಂಡಿತು. "ತಮಗೆ ನಿಖರವಾಗಿ ಏನು ಬೇಕು ಸಾರ್?"

ಅಧಿಕಾರಿ ಕೌಂಟರಿನವರೆಗೆ ಬಂದರು, ಬಾಗಿಲ ಕಡೆ ನೋಡಿದರು, ತಗ್ಗಿದ ದನಿಯಲ್ಲಿ ಹೇಳಿದರು: "ಎರಡನೇ ಪಾಠದ ಕಾರ್ಡು."

ಚೀಟಿಯಪ್ಪನವರು ತೆಗೆದು ಕೊಟ್ಟರು. "ಮೂರನೇದು ಬೇಕಾದ್ರೆ ಇಲ್ಲಿಗೇ ಬರ್ಬೇಕು ಸಾರ್. ನಾನು ಕೇಂದ್ರ ಕಚೇರಿಗೆ ಬಂದ್ರೆ ಈ ಬೀರು ಬರಲ್ಲ. ಬಾಗಿಲಲ್ಲಿ ಹಿಡಿಯಲ್ಲ. ಇದನ್ನ ಒಳಗಿಟ್ಟ ಮೇಲೆ ಬಾಗಿಲು ಕಟ್ಟಿದ್ದಂತೆ."

"ಬೀರು ಇಲ್ದೆ ನೀವು...?"

"ಹೇಳಿದ್ನಲ್ಲ ಸಾರ್. ಒಂದೂ ಬರಲ್ಲ."

ಈ ಸಲ ಅಧಿಕಾರಿ ನಗಲಿಲ್ಲ. ವರ್ಗಾವಣೆಯ ಆದೇಶವನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ ಚೀಲದ ತಳಕ್ಕೆ ತಳ್ಳಿದರು. ಆವತ್ತಿನಿಂದ ಪ್ರತಿ ಗುರುವಾರ ಅವರು ಆ ಗ್ರಂಥಾಲಯಕ್ಕೆ 'ತಪಾಸಣೆ'ಗೆ ಬರುತ್ತಾರೆ. ಕೌಂಟರಿನ ಮುಂದೆ ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕಾರ್ಡ್ ಪಡೆದು, ಮೂಲೆಯ ಕಂಪ್ಯೂಟರಿನಲ್ಲಿ ತಪಾಸಣೆ ನಡೆಸುತ್ತಾರೆ. ಈಗ ಐದನೇ ಪಾಠದಲ್ಲಿದ್ದಾರೆ. ಅವರಿಗೆ ಯಾವ ತಾರೀಖೂ ಇಲ್ಲ.

ಚೀಟಿಯಪ್ಪನವರು ಒಂದು ಪಾಠವನ್ನಂತೂ ಕಲಿತರು. ಓದದೆ ಸಹಿ ಹಾಕಬಾರದು ಎಂದು ತೀರ್ಮಾನಿಸಿ, ಹೊಸ ಸುತ್ತೋಲೆ ಬಂದಾಗಲೆಲ್ಲ ಅಟೆಂಡರ್‌ನನ್ನು ನಿಲ್ಲಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದತೊಡಗಿದರು. ಅದು ಸಾಲದೆಂಬಂತೆ ಹಳೆಯ ಸುತ್ತೋಲೆಗಳ ಕಡತಗಳನ್ನೂ ತರಿಸಿಕೊಂಡು, ಹೊಸದರಿಂದ ಹಳೆಯದಕ್ಕೆ, ದಿನಕ್ಕೆ ಆರರಂತೆ ಬಾಕಿ ತೀರಿಸಲು ಕೂತರು.

ಎರಡನೇ ತಿಂಗಳಲ್ಲಿ ಒಂದು ಕಾಗದ ಸಿಕ್ಕಿತು. ತಾರೀಖು ಎರಡು ವರ್ಷದ ಹಿಂದಿನದು. "ಊರಾಚೆಯ ಹಳೆಯ ಪತ್ರಿಕೆಗಳ ಗೋದಾಮನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಇನ್ನು ಮುಂದೆ ಸಿಬ್ಬಂದಿಯಲ್ಲಿ ಯಾರನ್ನೂ ಅಲ್ಲಿಗೆ ವರ್ಗಾಯಿಸಲಾಗುವುದಿಲ್ಲ. ಎಲ್ಲರೂ ಗಮನಿಸತಕ್ಕದ್ದು." ಕೆಳಗೆ ಎಲ್ಲರೂ ಗಮನಿಸಿದ್ದರು. ಮೊದಲು ಮೇಡಮ್, ಹಸಿರು ಶಾಯಿಯಲ್ಲಿ, "ನೋಡಿದೆ." ಬೈಂಡರ್, ಅಂಟಿನ ಬೆರಳಚ್ಚಿನ ಸಮೇತ, "ನೋಡಿದೆ." ಹದಿನೆಂಟು "ನೋಡಿದೆ"ಗಳಲ್ಲಿ ಮೂರನೆಯದು ಗುಂಡು ಅಕ್ಷರದ್ದು.

ಚೀಟಿಯಪ್ಪನವರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ನಗು ಬಂತು, ನಗಲಿಲ್ಲ. ಖಾಲಿ ಕಾರ್ಡ್ ಒಂದನ್ನು ಎಳೆದುಕೊಂಡು ಬರೆದರು: "ಗೋದಾಮು. ಎರಡು ವರ್ಷದಿಂದ ಇಲ್ಲ. ಇದನ್ನೂ ನೋಡಿ: ನಮ್ಮ ಸಹಿ." ಕರ್ತೃವಿನ ಜಾಗದಲ್ಲಿ 'ಎಲ್ಲರೂ' ಎಂದು ಬರೆದು ಐವತ್ತೆಂಟನೇ ಡ್ರಾಯರಿನಲ್ಲಿ ಸೇರಿಸಿದರು.

ಆ ಕಾರ್ಡನ್ನು ಇದುವರೆಗೆ ಯಾರೂ ತೆಗೆದು ನೋಡಿಲ್ಲ. ಮೇಡಮ್ ಈಗಲೂ ಸಭೆಯಲ್ಲಿ ಕನ್ನಡಕ ಒರೆಸುತ್ತ "ಗೋದಾಮಿದೆಯಲ್ಲ," ಎನ್ನುತ್ತಾರೆ, ಹದಿನಾರು ಜನ ಈಗಲೂ ಬೆವರುತ್ತಾರೆ. ಚೀಟಿಯಪ್ಪನವರೂ ಮರ್ಯಾದೆಗೆಂದು ಕರವಸ್ತ್ರ ತೆಗೆದು ಹಣೆ ಒರೆಸಿಕೊಳ್ಳುತ್ತಾರೆ.